ಟೋಲ್ ತಪ್ಪಿಸಿದವರ ಲೆಕ್ಕ ಸಿಗುವುದು ಹೇಗೆ?

ಮುಂಬೈನಲ್ಲಿ ಬಾಂದ್ರಾ–ವರ್ಲಿ ಸಮುದ್ರ ಸೇತುವೆ, ವಾಶಿ, ಐರೋಲಿ, ಮುಲುಂಡ್, ದಹಿಸರ್ ಟೋಲ್ ನಾಕಾಗಳಲ್ಲಿ ಟೋಲ್ ಕೊಡಬೇಕಾದ ವಾಹನಗಳಿಗೆ 2025ರ ಏಪ್ರಿಲ್ 1ರಿಂದ ಫಾಸ್ಟ್ಯಾಗ್ ಕಡ್ಡಾಯ. ಟ್ಯಾಗ್ ಇಲ್ಲದಿದ್ದರೆ ದುಪ್ಪಟ್ಟು ಶುಲ್ಕ. ಹಾಗಿದ್ದೂ ಹಣ ಕೊಡದೆ ದಾಟಿದವರು ಎಷ್ಟು ಮಂದಿ?

ಇದನ್ನು ತಿಳಿಯಲು ಎರಡು ಯಂತ್ರಗಳ ಲೆಕ್ಕವನ್ನು ತಾಳೆ ನೋಡಬೇಕು. ಲೇನಿನಲ್ಲಿರುವ ಸಂವೇದಕಗಳು ಹಾದುಹೋಗುವ ಪ್ರತಿ ವಾಹನವನ್ನೂ ಎಣಿಸಿ, ಅದರ ಆಕ್ಸಲ್‌ಗಳನ್ನು ಗುರುತಿಸುತ್ತವೆ. ಮೇಲಿನ ರೀಡರ್ ಗಾಜಿನ ಮೇಲಿನ ಟ್ಯಾಗ್ ಓದುತ್ತದೆ. ಎಣಿಸಿದ ವಾಹನಗಳಿಗೂ ಶುಲ್ಕ ಕಡಿತವಾದ ಟ್ಯಾಗ್‌ಗಳಿಗೂ ನಡುವಿನ ಅಂತರವೇ ಅಂದಾಜಿನ ಮೂಲ. ಕಾರಿನ ಟ್ಯಾಗ್ ಅಂಟಿಸಿಕೊಂಡ, ಮೂರು ಇಲ್ಲವೇ ಹೆಚ್ಚು ಆಕ್ಸಲ್‌ಗಳ ಲಾರಿಯೂ ಆಕ್ಸಲ್ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ.

ಆದರೆ ಅಂತರವಷ್ಟನ್ನೂ ವಂಚನೆ ಎನ್ನುವುದು ಅನ್ಯಾಯ. ಖಾತೆಯಲ್ಲಿ ಹಣ ಮುಗಿದವರು, ಕೆವೈಸಿ ಬಾಕಿಯಾಗಿ ಟ್ಯಾಗ್ ಸ್ಥಗಿತಗೊಂಡವರು, ಹರಿದ ಟ್ಯಾಗಿನವರು, ಆಂಬುಲೆನ್ಸ್‌ನಂಥ ವಿನಾಯಿತಿ ವಾಹನಗಳು ಎಲ್ಲವೂ ಅದರಲ್ಲಿ ಸೇರಿರುತ್ತವೆ. ಮುಂಬೈನಲ್ಲಂತೂ ಇನ್ನೊಂದು ತೊಡಕಿದೆ. ಸಮುದ್ರ ಸೇತುವೆ ಬಿಟ್ಟು ನಗರದ ಪ್ರವೇಶ ನಾಕಾಗಳಲ್ಲಿ 2024ರ ಅಕ್ಟೋಬರ್‌ನಿಂದ ಲಘು ವಾಹನಗಳಿಗೆ ಟೋಲ್ ಇಲ್ಲ. ಹೀಗಾಗಿ ಟ್ಯಾಗಿಲ್ಲದ ಕಾರು ವಾಶಿಯಲ್ಲಿ ನಿಯಮಬದ್ಧ, ಬಾಂದ್ರಾ–ವರ್ಲಿಯಲ್ಲಿ ದುಪ್ಪಟ್ಟು ಶುಲ್ಕಕ್ಕೆ ಗುರಿ. ನಾಕಾವಾರು, ವಾಹನವಾರು ಬಿಡಿಸಿ ಎಣಿಸದ ಅಂದಾಜನ್ನು ನಂಬುವಂತಿಲ್ಲ.