ಕುಣಿತದ ತಾಳ ಕಟ್ಟಿದ ಬೆಂಗಳೂರಿನ ಬಿಡ್ಡು

ತೊಂಬತ್ತರ ದಶಕದಲ್ಲಿ ತಾಳಿಕೋಟೆಯಂಥ ಊರಲ್ಲಿ ಕ್ಯಾಸೆಟ್ ಅಂದರೆ ಸಿನಿಮಾ ಹಾಡು, ತತ್ವಪದ, ಭಜನೆ, ಜನಪದ. ಸಿನಿಮಾದ ಹಂಗಿಲ್ಲದೆ, ಬರೀ ಕುಣಿಯಲೆಂದೇ ಮಾಡಿದ ಹಾಡು ದೇಶದ ತುಂಬ ಮನೆಮಾತಾಗಬಲ್ಲದು ಎಂದು ತೋರಿಸಿಕೊಟ್ಟದ್ದು 1995ರ ‘ಮೇಡ್ ಇನ್ ಇಂಡಿಯಾ’. ಹಾಡಿದ ಅಲಿಷಾ ಚಿನಾಯ್ ಎಲ್ಲರಿಗೂ ಗೊತ್ತು. ಅದರ ಸಂಗೀತ ಕಟ್ಟಿದ ಬಿಡ್ಡು ಅಪ್ಪಯ್ಯ ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. ಅವರ ಹೆಸರನ್ನು ನಾವು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು.

ಆಗ ಯುರೋಪಿನಲ್ಲಿ ಯುರೋಡಾನ್ಸ್ ಅಲೆ. ಸ್ವೀಡನ್ನಿನ ಡಾಕ್ಟರ್ ಆಲ್ಬನ್, ಏಸ್ ಆಫ್ ಬೇಸ್, ಬೆಲ್ಜಿಯಂ-ನೆದರ್‌ಲ್ಯಾಂಡ್ಸಿನ ಟೂ ಅನ್‌ಲಿಮಿಟೆಡ್ ಮೆರೆಯುತ್ತಿದ್ದರು. ಮೆಷಿನ್ನಿನ ಡ್ರಮ್ಮು, ಸಿಂಥಸೈಜರ್, ಒಮ್ಮೆ ಕೇಳಿದರೆ ಬಾಯಿಗೆ ಬರುವ ಪಲ್ಲವಿ. ನಾಲ್ಕು ಮಾತ್ರೆಗೂ ಒಂದೇ ಸಮ ಬೀಳುವ ಆ ಪೆಟ್ಟು ಎಪ್ಪತ್ತರ ಡಿಸ್ಕೋದಿಂದ ಇಳಿದು ಬಂದದ್ದು. ಲಂಡನ್ನಿನಲ್ಲಿ ಆ ಡಿಸ್ಕೋವನ್ನು ಬೆಳೆಸಿದವರಲ್ಲಿ ಬಿಡ್ಡು ಒಬ್ಬರು.

ಬೆಂಗಳೂರಿನಲ್ಲಿ ‘ದಿ ಟ್ರೋಜನ್ಸ್’ ತಂಡದಲ್ಲಿ ಹಾಡಿಕೊಂಡಿದ್ದ ಹುಡುಗ ಅರವತ್ತರ ದಶಕದ ಕೊನೆಗೆ ಇಂಗ್ಲೆಂಡ್ ಸೇರಿದ. 1974ರಲ್ಲಿ ಗಾಯಕ ಕಾರ್ಲ್ ಡಗ್ಲಸ್‌ಗೆ ಒಂದು ಹಾಡು ರೆಕಾರ್ಡ್ ಮಾಡಿಸಿದಾಗ, ತಟ್ಟೆಯ ಹಿಂಬದಿಗೆ ಇರಲಿ ಎಂದು ಅವಸರದಲ್ಲಿ ಮುಗಿಸಿದ್ದು ‘ಕುಂಗ್ ಫೂ ಫೈಟಿಂಗ್’. ಆ ಹಿಂಬದಿಯ ಹಾಡೇ ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೆ ಏರಿತು. 1976ರಲ್ಲಿ ಬಿಡ್ಡು ಟೀನಾ ಚಾರ್ಲ್ಸ್ ಅವರಿಂದ ಹಾಡಿಸಿದ ಹಾಡೂ ಬ್ರಿಟನ್ನಿನಲ್ಲಿ ಮೊದಲನೆಯದಾಯಿತು. 1980ರಲ್ಲಿ ‘ಕುರ್ಬಾನಿ’ ಚಿತ್ರಕ್ಕೆ ಪಾಕಿಸ್ತಾನದ ಹದಿಹರೆಯದ ನಾಜಿಯಾ ಹಸನ್ ಅವರಿಂದ ‘ಆಪ್ ಜೈಸಾ ಕೋಯಿ’ ಹಾಡಿಸಿದರು. ಮರುವರ್ಷ ಇದೇ ಜೋಡಿಯ ‘ಡಿಸ್ಕೋ ದೀವಾನೆ’ ಆಲ್ಬಂ ಬಂತು.

‘ಮೇಡ್ ಇನ್ ಇಂಡಿಯಾ’ ಕೂಡ ಮೊದಲು ನಾಜಿಯಾಗೆಂದೇ ಇದ್ದದ್ದು. ತಮ್ಮ ದೇಶದವರಿಗೆ ನೋವಾದೀತೆಂದು ಅವರು ಒಲ್ಲೆ ಎಂದರು. ಹಾಡು ಅಲಿಷಾ ಪಾಲಾಯಿತು, ಮ್ಯಾಗ್ನಾಸೌಂಡ್ ಹೊರತಂದಿತು. ಕೆನ್ ಘೋಷ್ ನಿರ್ದೇಶಿಸಿದ ವಿಡಿಯೊದಲ್ಲಿ ರಾಜಕುಮಾರಿ ಬಂದ ವರರನ್ನೆಲ್ಲ ಬೇಡವೆನ್ನುತ್ತಾಳೆ. ಕೊನೆಗೆ ಮರದ ಪೆಟ್ಟಿಗೆಯೊಳಗಿಂದ ಮಿಲಿಂದ್ ಸೋಮನ್ ಎದ್ದು ಬರುತ್ತಾನೆ. ಟಿವಿಯೇ ಈ ಹಾಡನ್ನು ಮನೆಮನೆಗೆ ಹೊತ್ತೊಯ್ದದ್ದು, ನಿಜ. ಆದರೆ ವಿಡಿಯೊ ಬದಿಗಿಟ್ಟು ಬರೀ ಕಿವಿಯಿಂದ ಕೇಳಿದರೂ ಹಾಡು ನಿಲ್ಲುತ್ತದೆ. ಯುರೋಡಾನ್ಸಿನ ಓಟ ಇದರಲ್ಲಿಲ್ಲ. ಡ್ರಮ್ಮಿನ ಕಟ್ಟು ಅಲ್ಲಿಯದು, ನಡಿಗೆ ಮಾತ್ರ ನಿಧಾನದ್ದು. ಜೊತೆಗೂಡಿ ಹಾಡುವವರಿಗೆ ಉಸಿರೆಳೆಯಲು ಜಾಗವಿದೆ. ಬಿಡ್ಡು ಅವರ ಕಸುಬಿನ ಜಾಣ್ಮೆ ನನಗೆ ಕಾಣುವುದು ಇಲ್ಲಿಯೇ.

ಪಲ್ಲವಿಯನ್ನು ಮೊದಲೇ ಕೈಗಿಟ್ಟು, ವಾದ್ಯಗಳನ್ನು ಅದರ ಹಿಂದೆ ನಿಲ್ಲಿಸುವುದು ಅವರ ರೀತಿ. ಗೊತ್ತಾಗಬೇಕಾದರೆ ‘ಕುಂಗ್ ಫೂ ಫೈಟಿಂಗ್’, ‘ಆಪ್ ಜೈಸಾ ಕೋಯಿ’, ‘ಮೇಡ್ ಇನ್ ಇಂಡಿಯಾ’ ಮೂರನ್ನೂ ಒಂದರ ಹಿಂದೆ ಒಂದು ಹಚ್ಚಿ ಕೇಳಬೇಕು. ಭಾಷೆ ಬೇರೆ, ದನಿ ಬೇರೆ, ನಡುವೆ ಇಪ್ಪತ್ತು ವರ್ಷದ ಅಂತರ, ಕೈ ಒಂದೇ.