ಪರದೆ ಆರಿಸೋಕೆ ನಾಲ್ಕು ವರ್ಷ ಓದಬೇಕಾ?

ಪಿಯುಸಿ ರಿಸಲ್ಟ್ ಬಂದ ವಾರ ನಮ್ಮ ಕಡೆ ಯಾವ ಮನೆಗೆ ಹೋದರೂ ಕೇಳಿಬರುವುದು ಎರಡೇ ಮಾತು: ಎಂಜಿನಿಯರಿಂಗಾ, ಮೆಡಿಕಲ್ಲಾ? ಅಂಕ ಸ್ವಲ್ಪ ಕಡಿಮೆ ಬಂದಿದ್ದರೆ ಬಿ.ಕಾಂ, ಇಲ್ಲವೇ ಬಿಸಿಎ. ಇವುಗಳ ಮಧ್ಯೆ ಯಾರಾದರೂ ‘ನಾನು ಇಂಟೀರಿಯರ್ ಡಿಸೈನ್ ಓದ್ತೀನಿ’ ಅಂದುಬಿಟ್ಟರೆ ಮನೆಯವರೆಲ್ಲ ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ ಪ್ರಶ್ನೆ ಬಂದೇ ಬರುತ್ತದೆ: ‘ಪರದೆ ಆರಿಸೋಕೆ, ಗೋಡೆಗೆ ಬಣ್ಣ ಹೇಳೋಕೆ ನಾಲ್ಕು ವರ್ಷ ಓದಬೇಕಾ?’

ನಮ್ಮ ಮನೆಯಲ್ಲಿ ಈ ಪ್ರಶ್ನೆ ಕೇಳಿದವರು ಚಿಕ್ಕಪ್ಪ. ಅವರು ಕೇಳಿದ್ದರಲ್ಲಿ ನ್ಯಾಯವೂ ಇತ್ತು. ಮೂವತ್ತು ವರ್ಷದಿಂದ ಬಡಗಿ ಕೆಲಸ ಮಾಡುತ್ತಿರುವವರು ಅವರು. ಊರಿನ ಎಷ್ಟೋ ಮನೆಗಳ ಬಾಗಿಲು, ಕಿಟಕಿ, ಮಂಚ, ಬೀರು ಅವರ ಕೈಯಿಂದಲೇ ಆಗಿವೆ. ‘ನಾನು ಸ್ಕೂಲು ಬಿಟ್ಟು ಕಲಿತ ಕೆಲಸಾನ ನೀನು ಲಕ್ಷಗಟ್ಟಲೆ ಫೀಸು ಕಟ್ಟಿ ಕಲೀತೀಯೇನವ್ವಾ?’ ಎಂದು ಮಗಳನ್ನು ಕೇಳಿದ್ದರು. ಕಾಮರ್ಸ್ ಓದಿದ್ದ ಮಗಳು ಬಿ.ಕಾಂ ಮುಗಿಸಿ ಬ್ಯಾಂಕ್ ಪರೀಕ್ಷೆ ಬರೆಯಲಿ ಎಂಬುದು ಅವರ ಆಸೆಯಾಗಿತ್ತು. ಮನೆಯಲ್ಲಿ ಒಂದು ತಿಂಗಳು ಚರ್ಚೆ ನಡೆದು, ಕೊನೆಗೆ ಶಿಕ್ಷಣ ಸಾಲ ಮಾಡಿ ಸೇರಿಸಿದರು. ತಂಗಿ ಈಗ ಬೆಂಗಳೂರಿನ ಕಾಲೇಜೊಂದರಲ್ಲಿ ಬಿ.ಡೆಸ್ ಎರಡನೇ ವರ್ಷ. ನಾನು ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷ. ಒಂದೂವರೆ ವರ್ಷದಿಂದ ಅವಳ ನೋಟ್ಸ್, ಡ್ರಾಯಿಂಗ್ ಶೀಟ್, ಮಾಡೆಲ್‌ಗಳನ್ನು ಹತ್ತಿರದಿಂದ ನೋಡುತ್ತಿದ್ದೇನೆ. ಈ ಕೋರ್ಸ್ ಬಗ್ಗೆ ಯೋಚಿಸುತ್ತಿರುವವರಿಗೆ, ಅವರ ಅಪ್ಪ ಅಮ್ಮಂದಿರಿಗೆ ಉಪಯೋಗವಾಗಲಿ ಎಂದು ಕಂಡಿದ್ದನ್ನು ಬರೆಯುತ್ತಿದ್ದೇನೆ.

ಮೊದಲ ಪಾಠ: ಟೇಪು ಹಿಡಿಯುವುದು

ಇಂಟೀರಿಯರ್ ಡಿಸೈನ್ ಎಂದರೆ ಮೊದಲ ದಿನದಿಂದಲೇ ಕಂಪ್ಯೂಟರ್‌ನಲ್ಲಿ ಚೆಂದದ ಚಿತ್ರ ಮಾಡುವುದು ಎಂದುಕೊಂಡಿರುವವರೇ ಹೆಚ್ಚು. ತಂಗಿಯ ಕಾಲೇಜಿನಲ್ಲಿ ಮೊದಲ ವರ್ಷ ಕಂಪ್ಯೂಟರ್ ಮುಟ್ಟಿದ್ದೇ ಕಡಿಮೆ. ಪೆನ್ಸಿಲ್, ಟಿ-ಸ್ಕ್ವೇರ್, ಅಳತೆ ಟೇಪು ಇಷ್ಟೇ. ಇರುವ ಕೋಣೆಯನ್ನು ಅಳೆದು ಪ್ಲಾನ್, ಸೆಕ್ಷನ್, ಎಲಿವೇಷನ್ ಬರೆಯಬೇಕು. ಅದನ್ನೇ ದಪ್ಪ ರಟ್ಟಿನಲ್ಲಿ ಕತ್ತರಿಸಿ ಮಾಡೆಲ್ ಕಟ್ಟಬೇಕು. ಆಟೊಕ್ಯಾಡ್, ಸ್ಕೆಚ್‌ಅಪ್ ಎಲ್ಲ ಆಮೇಲೆ ಬಂದವು.

ಇದರ ಜೊತೆಗೇ ಬರುವ ವಿಷಯ ಆಂಥ್ರೊಪೊಮೆಟ್ರಿ, ಅಂದರೆ ಮನುಷ್ಯನ ದೇಹದ ಅಳತೆಗಳ ಓದು. ಕೂತಾಗ ಮೊಣಕಾಲು ಎಷ್ಟು ಎತ್ತರದಲ್ಲಿರುತ್ತದೆ, ನಿಂತಾಗ ಕೈ ಎಲ್ಲಿಯವರೆಗೆ ಎಟುಕುತ್ತದೆ ಎಂಬುದರ ಮೇಲೆ ಕುರ್ಚಿ, ಮೇಜು, ಕಪಾಟಿನ ಅಳತೆ ನಿಲ್ಲುತ್ತದೆ. ಈ ವಿಷಯಕ್ಕೆ ಎಷ್ಟೋ ಡಿಸೈನ್ ಕಾಲೇಜುಗಳಲ್ಲಿ ಬಳಸುವ ಪುಸ್ತಕ 1979ರಲ್ಲಿ ಅಮೆರಿಕದಲ್ಲಿ ಬಂದ ಪನೇರೊ ಮತ್ತು ಝೆಲ್ನಿಕ್ ಅವರದು. ಅದರ ಅಳತೆಗಳು ಮುಖ್ಯವಾಗಿ ಅಲ್ಲಿನ ಜನರವು. ಭಾರತೀಯರ ದೇಹದ ಅಳತೆಗಳನ್ನು ಸೇರಿಸಿ ದೇಬಕುಮಾರ್ ಚಕ್ರವರ್ತಿ ಅವರು ಮಾಡಿದ ಪುಸ್ತಕವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ) 1997ರಲ್ಲಿ ಪ್ರಕಟಿಸಿತು.

ಇದರಿಂದ ಏನು ವ್ಯತ್ಯಾಸ ಎಂದು ಕೇಳಬಹುದು. ಮೊದಲ ವರ್ಷದ ರಜೆಯಲ್ಲಿ ತಂಗಿಗೆ ಸಿಕ್ಕಿದ್ದ ಅಸೈನ್‌ಮೆಂಟ್, ತಮ್ಮ ಮನೆಯ ಅಡುಗೆಮನೆಯನ್ನು ಅಳೆದು ತರುವುದು. ಅವರ ಮನೆಯ ಅಡುಗೆ ಕಟ್ಟೆ 34 ಇಂಚು ಎತ್ತರ. ಮೇಸ್ತ್ರಿ ಎಲ್ಲ ಮನೆಗೂ ಹಾಕುವ ಅಳತೆ ಅದು. ಅದರ ಮೇಲೆ ಗ್ಯಾಸ್ ಸ್ಟವ್ 4 ಇಂಚು, ಮುದ್ದೆ ಮಾಡುವ ಪಾತ್ರೆ 6 ಇಂಚು. ಪಾತ್ರೆಯ ಬಾಯಿ ನೆಲದಿಂದ 44 ಇಂಚು ಮೇಲಕ್ಕೆ ಹೋಯಿತು. ಚಿಕ್ಕಮ್ಮ 4 ಅಡಿ 10 ಇಂಚು. ಅವರ ಮೊಣಕೈ ಇರುವುದು ಸುಮಾರು 36 ಇಂಚಿನಲ್ಲಿ. ರಾಗಿ ಮುದ್ದೆ ತೊಳೆಸಲು ಕೋಲನ್ನು ಮೇಲಿನಿಂದ ಒತ್ತಿ ತಿರುವಬೇಕು. ಮೊಣಕೈಗಿಂತ 8 ಇಂಚು ಮೇಲಿರುವ ಪಾತ್ರೆಯಲ್ಲಿ ಒತ್ತುವುದು ಹೇಗೆ? ಅದಕ್ಕೇ ಚಿಕ್ಕಮ್ಮ ದಿನಾ ಒಂದು ಮಣೆ ಇಟ್ಟುಕೊಂಡು, ಅದರ ಮೇಲೆ ಹತ್ತಿ ಮುದ್ದೆ ತಿರುವುತ್ತಿದ್ದರು. ಭುಜ ನೋವು ಎಂದು ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ವಯಸ್ಸಾಯಿತು, ಅದಕ್ಕೇ ನೋವು ಎಂದು ಎಲ್ಲರೂ ಅಂದುಕೊಂಡಿದ್ದೆವು.

ತಂಗಿ ಬರೆದ ಡ್ರಾಯಿಂಗ್‌ನಲ್ಲಿ ಸ್ಟವ್ ಇಡುವ ಜಾಗದ ಕಟ್ಟೆ ಮಾತ್ರ 8 ಇಂಚು ಕೆಳಗಿತ್ತು. ಲೆಕ್ಕ ಮಾಡಿದರೆ ಪಾತ್ರೆಯ ಬಾಯಿ 36 ಇಂಚಿಗೆ, ಅಂದರೆ ಚಿಕ್ಕಮ್ಮನ ಮೊಣಕೈ ಮಟ್ಟಕ್ಕೆ ಬಂತು. ಯುಗಾದಿಗೆ ಮುಂಚೆ ಚಿಕ್ಕಪ್ಪ ಗಾರೆಯವರನ್ನು ಕರೆಸಿ ಹಾಗೇ ಮಾಡಿಸಿದರು. ಹೊಗಳಲಿಲ್ಲ. ‘ಮೂವತ್ತು ವರ್ಷದಲ್ಲಿ ನನ್ನ ಹತ್ರ ಎಲ್ರೂ ರೇಟ್ ಕೇಳಿದ್ರೇ ಹೊರತು, ಅಡುಗೆ ಮಾಡೋರು ಎಷ್ಟು ಎತ್ತರ ಅಂತ ಒಬ್ರೂ ಹೇಳ್ಲಿಲ್ಲ’ ಅಂದರು ಅಷ್ಟೇ.

ಪ್ಲೈವುಡ್ ಲೆಕ್ಕ

ಎರಡನೇ ವರ್ಷ ಬಂದಾಗ ತಂಗಿಗೆ ಅಪ್ಪನ ಕೆಲಸ ನೋಡಿ ಬೆಳೆದದ್ದು ಲಾಭವಾಯಿತು. ವಾರ್ಡ್‌ರೋಬ್ ವಿನ್ಯಾಸ ಮಾಡುವಾಗ ಪ್ಲೈವುಡ್ ಹಾಳೆಯ ಲೆಕ್ಕ ಬರುತ್ತದೆ. ಹಾಳೆ 8 ಅಡಿ ಉದ್ದ, 4 ಅಡಿ ಅಗಲ. ವಾರ್ಡ್‌ರೋಬಿನ ಆಳ 2 ಅಡಿಗಿಂತ ಚೂರು ಕಡಿಮೆ ಇದ್ದರೆ ಹಾಳೆಯನ್ನು ಉದ್ದಕ್ಕೆ ಸೀಳಿದಾಗ ಎರಡು ತುಂಡು ಸಿಗುತ್ತವೆ. ಪೇಪರಿನ ಮೇಲೆ ಚೆಂದ ಕಾಣಲಿ ಎಂದು ಆಳವನ್ನು ಒಂದೇ ಒಂದು ಇಂಚು ಹೆಚ್ಚಿಸಿದರೆ ಒಂದೇ ತುಂಡು ಸಿಗುತ್ತದೆ, ಉಳಿದಿದ್ದು ಚೂರುಪಾರು. ಆ ದುಡ್ಡು ಮನೆ ಮಾಲೀಕರ ಜೇಬಿನಿಂದ ಹೋಗುತ್ತದೆ. ಹಾಗೆಯೇ ಸಾಮಾನ್ಯ ಬಳಕೆಯ ಪ್ಲೈವುಡ್‌ಗೆ ಐಎಸ್ 303, ನೀರು ತಾಗುವ ಕಡೆ ಬಳಸುವ ಮರೈನ್ ಪ್ಲೈವುಡ್‌ಗೆ ಐಎಸ್ 710 ಎಂಬ ಮಾನದಂಡಗಳಿವೆ. ಅಂಗಡಿಯವರು ಬಾಯಲ್ಲಿ ‘ಮರೈನ್’ ಅಂದರೆ ಸಾಲದು, ಹಾಳೆಯ ಮೇಲಿನ ಮುದ್ರೆ ಓದಬೇಕು.

ಇವೆಲ್ಲ ಚಿಕ್ಕಪ್ಪನಿಗೆ ಗೊತ್ತಿದ್ದ ಸಂಗತಿಗಳೇ. ಆದರೆ ಅವಳು ಒದ್ದಾಡಿದ್ದು ಬೇರೆ ಕಡೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಡಿಸೈನ್ ಕಾಲೇಜಿನಲ್ಲಿ ಬರೆಯುವ ಪರೀಕ್ಷೆಗಿಂತ ‘ಜ್ಯೂರಿ’ ಮುಖ್ಯ. ಶೀಟ್‌ಗಳನ್ನು ಗೋಡೆಗೆ ಅಂಟಿಸಿ, ಹೊರಗಿನಿಂದ ಬಂದ ಪರಿಣತರ ಎದುರು ನಿಂತು, ಯಾಕೆ ಹೀಗೆ ಮಾಡಿದೆ ಎಂದು ಇಂಗ್ಲಿಷಿನಲ್ಲಿ ವಿವರಿಸಬೇಕು. ಒಂದು ಮರದ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸುವ ಜೋಡಣೆಯನ್ನು ಚಿಕ್ಕಂದಿನಿಂದ ನೋಡಿದವಳಿಗೆ, ಅದನ್ನು ‘ಮಾರ್ಟಿಸ್ ಅಂಡ್ ಟೆನನ್’ ಅನ್ನುತ್ತಾರೆ ಎಂದು ಗೊತ್ತಾಗಿದ್ದು ಕ್ಲಾಸಿನಲ್ಲಿ. ಮೊದಲ ಜ್ಯೂರಿಯಲ್ಲಿ ಮಾತು ನಿಂತುಹೋಗಿತ್ತು. ಈಗ ಜ್ಯೂರಿಗೆ ಮುಂಚಿನ ರಾತ್ರಿ ನನಗೆ ಫೋನ್ ಮಾಡಿ, ‘ಅಕ್ಕ, ಕೇಳು’ ಎಂದು ಇಡೀ ಪ್ರಾಜೆಕ್ಟ್ ಇಂಗ್ಲಿಷಿನಲ್ಲಿ ಒಪ್ಪಿಸುತ್ತಾಳೆ. ಭಾಷೆ ಕಲಿಯಬಹುದು. ಕೆಲಸ ಗೊತ್ತಿರುವವರಿಗೆ ಭಾಷೆ ಬೇಗ ಬರುತ್ತದೆ ಎಂಬುದು ಅವಳನ್ನು ನೋಡಿ ನನಗೆ ಆದ ನಂಬಿಕೆ.

ಆರ್ಕಿಟೆಕ್ಟ್ ಬೇರೆ, ಇವರು ಬೇರೆ

ಸಿವಿಲ್ ಓದುವವಳಾಗಿ ಒಂದು ಮಾತು ಹೇಳಲೇಬೇಕು. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇಲ್ಲದವರು ‘ಆರ್ಕಿಟೆಕ್ಟ್’ ಎಂದು ಬೋರ್ಡ್ ಹಾಕಿಕೊಳ್ಳುವಂತಿಲ್ಲ. ಇಂಟೀರಿಯರ್ ಡಿಸೈನರ್‌ಗಳಿಗೆ ಅಂಥ ಕಾನೂನು ಇಲ್ಲ. ಇವರಿಗಾಗಿ 1972ರಲ್ಲೇ ಶುರುವಾದ ಐಐಐಡಿ ಎಂಬ ವೃತ್ತಿಪರರ ಸಂಸ್ಥೆ ಇದೆ, ಆದರೆ ಸದಸ್ಯರಾಗಲೇಬೇಕು ಎಂದೇನಿಲ್ಲ.

ಇದರಲ್ಲಿ ಅನುಕೂಲವೂ ಇದೆ, ಅನಾನುಕೂಲವೂ ಇದೆ. ಪದವಿ ಮುಗಿದ ದಿನವೇ ಸ್ವಂತ ಕೆಲಸ ಶುರು ಮಾಡಬಹುದು. ಆದರೆ ಮೂರು ತಿಂಗಳ ಕೋರ್ಸ್ ಮಾಡಿದವರೂ ಪಕ್ಕದಲ್ಲೇ ಅದೇ ಬೋರ್ಡ್ ಹಾಕುತ್ತಾರೆ. ಹಾಗಾಗಿ ಇಲ್ಲಿ ಸರ್ಟಿಫಿಕೇಟಿಗಿಂತ ಪೋರ್ಟ್‌ಫೋಲಿಯೊ, ಅಂದರೆ ಮಾಡಿದ ಕೆಲಸದ ಕಡತ ಮುಖ್ಯವಾಗುತ್ತದೆ. ಇನ್ನೊಂದು, ಹಾಲ್ ದೊಡ್ಡದಾಗಲಿ ಎಂದು ಯಾವ ಗೋಡೆ ಒಡೆಯಬಹುದು, ಯಾವುದನ್ನು ಮುಟ್ಟಬಾರದು ಎಂಬುದು ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳಿ ತೀರ್ಮಾನಿಸುವ ವಿಷಯ. ಹಳೆಯ ಮನೆಗಳಲ್ಲಿ ಗೋಡೆಯೇ ಚಾವಣಿಯ ಭಾರ ಹೊತ್ತಿರುತ್ತದೆ. ಎಸಿ ಪೈಪಿಗೆಂದು ಬೀಮ್ ಕೊರೆದರೆ ಒಳಗಿನ ಕಬ್ಬಿಣ ಕತ್ತರಿಸಿಹೋಗಬಹುದು. ಒಳ್ಳೆಯ ಕಾಲೇಜಿನಲ್ಲಿ ಇದನ್ನೂ ಕಲಿಸುತ್ತಾರೆ.

ಎಲ್ಲಿ ಓದಬಹುದು?

ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೊಂದು ವರದಿ ಕೊಟ್ಟರು. ನಮ್ಮ ತಂಬಿಗೆಯನ್ನು ಅತ್ಯುತ್ತಮ ವಿನ್ಯಾಸಕ್ಕೆ ಉದಾಹರಣೆಯಾಗಿ ತೋರಿಸಿದ ವರದಿ ಅದು. ಅದರ ಬೆನ್ನಿಗೇ 1961ರಲ್ಲಿ ಎನ್‌ಐಡಿ ಹುಟ್ಟಿತು. ಅಲ್ಲಿ ಫರ್ನಿಚರ್ ಮತ್ತು ಇಂಟೀರಿಯರ್ ಡಿಸೈನ್ ಓದಬಹುದು. ಪ್ರವೇಶಕ್ಕೆ ಪ್ರಿಲಿಮ್ಸ್, ಮೇನ್ಸ್ ಎಂದು ಎರಡು ಹಂತದ ‘ಡಿಎಟಿ’ ಪರೀಕ್ಷೆ ಇದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯವೂ ಈ ವಿಷಯಕ್ಕೆ ಹೆಸರಾಗಿದೆ. ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆ ಐಐಟಿಗಳ ಬಿ.ಡೆಸ್‌ಗಾಗಿ. ನಾಟಾ ಪರೀಕ್ಷೆ ಇರುವುದು ಐದು ವರ್ಷದ ಬಿ.ಆರ್ಕ್‌ಗೆ, ಇದಕ್ಕೆ ಬೇಕಿಲ್ಲ.

ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಹಲವು ಕಾಲೇಜುಗಳಲ್ಲಿ ಬಿ.ಡೆಸ್ ಅಥವಾ ಬಿ.ಎಸ್ಸಿ ಪದವಿ ಇದೆ. ಹೆಚ್ಚಿನ ಕಡೆ ಪಿಯುಸಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಏನೇ ಓದಿದ್ದರೂ ಸೇರಿಸಿಕೊಳ್ಳುತ್ತಾರೆ. ಎಸ್ಸೆಸ್ಸೆಲ್ಸಿ ನಂತರ ಕೆಲವು ಪಾಲಿಟೆಕ್ನಿಕ್‌ಗಳಲ್ಲಿ ಇಂಟೀರಿಯರ್ ಡೆಕೊರೇಷನ್ ಡಿಪ್ಲೊಮಾ ಇದೆ. ಫೀಸು ಕಟ್ಟಲಾಗದವರು ಮೊದಲು ನೋಡಬೇಕಾದ ದಾರಿ ಇದು.

ಸೇರುವ ಮುಂಚೆ ಕಾಲೇಜಿಗೆ ಹೋಗಿ ಇವಿಷ್ಟನ್ನು ಕೇಳಿ. ಪದವಿ ಕೊಡುವುದು ಯಾವ ವಿಶ್ವವಿದ್ಯಾಲಯ, ಅದಕ್ಕೆ ಯುಜಿಸಿ ಮಾನ್ಯತೆ ಇದೆಯೇ? ತರಬೇತಿ ಕೇಂದ್ರ ಕೊಡುವ ಸರ್ಟಿಫಿಕೇಟ್ ಪದವಿಯಲ್ಲ. ಮುಂದೆ ಎಂ.ಡೆಸ್ ಓದಲು, ಪದವಿ ಕೇಳುವ ಕೆಲಸಕ್ಕೆ ಅರ್ಜಿ ಹಾಕಲು ಅದು ನಡೆಯುವುದಿಲ್ಲ. ಬ್ಯಾಂಕಿನವರೂ ಸಾಲ ಕೊಡುವ ಮುಂಚೆ ಇದನ್ನೇ ನೋಡುತ್ತಾರೆ. ಮರಗೆಲಸದ ವರ್ಕ್‌ಶಾಪ್ ಇದೆಯೇ, ವಿದ್ಯಾರ್ಥಿಗಳು ಅದರಲ್ಲಿ ಕೆಲಸ ಮಾಡುತ್ತಾರೆಯೇ? ಎಷ್ಟು ತಿಂಗಳು ಇಂಟರ್ನ್‌ಶಿಪ್? ಫೀಸಿನ ಜೊತೆ ಶೀಟು, ಪ್ರಿಂಟ್, ಮಾಡೆಲ್ ಸಾಮಾನು, ಲ್ಯಾಪ್‌ಟಾಪ್ ಸೇರಿ ವರ್ಷಕ್ಕೆ ಎಷ್ಟು ಖರ್ಚು? ಕೊನೆಯದನ್ನು ಆಫೀಸಿನಲ್ಲಿ ಕೇಳಬೇಡಿ, ಕ್ಯಾಂಟೀನಿನಲ್ಲಿ ಕೂತಿರುವ ಸೀನಿಯರ್‌ಗಳನ್ನು ಕೇಳಿ.

ಕೆಲಸ, ಸಂಬಳ, ಸಾಲದ ಕಂತು

ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷಕ್ಕೆ ಶುರುವಾಗುತ್ತದೆ. ಕೆಲಸ ಸಿಕ್ಕಿದೆಯೇ ಎಂದು ಅದು ಕಾಯುವುದಿಲ್ಲ. ಚಿಕ್ಕಪ್ಪನ ಭಯ ಇದೇ. ತಂಗಿಯ ಸೀನಿಯರ್‌ಗಳು ಹೇಳುವ ಪ್ರಕಾರ ಮೊದಲ ಒಂದೆರಡು ವರ್ಷ ಸಂಬಳ ಕಡಿಮೆ. ಡ್ರಾಯಿಂಗ್ ತಿದ್ದುವುದು, ಸೈಟಿನಲ್ಲಿ ನಿಂತು ಬಡಗಿ, ಎಲೆಕ್ಟ್ರಿಷಿಯನ್, ಪ್ಲಂಬರ್ ಜೊತೆ ಕೆಲಸ ಮಾಡಿಸುವುದೇ ಹೆಚ್ಚು. ಕೆಲವು ಕಡೆ ‘ಡಿಸೈನರ್’ ಎಂದು ತೆಗೆದುಕೊಂಡು, ತಿಂಗಳಿಗೆ ಇಷ್ಟು ಕಿಚನ್ ಮಾರಬೇಕು ಎಂದು ಟಾರ್ಗೆಟ್ ಕೊಡುತ್ತಾರಂತೆ. ಆಫರ್ ಲೆಟರ್‌ನಲ್ಲಿ ಕೆಲಸದ ವಿವರ ಓದಿ ಸಹಿ ಹಾಕಿ ಎಂಬುದು ಅವರ ಸಲಹೆ. ಸೈಟಿನ ಕೆಲಸ ಕಲಿತವರು, ಎಸ್ಟಿಮೇಟ್ ಸರಿಯಾಗಿ ಮಾಡಬಲ್ಲವರು ಬೇಗ ಮೇಲೆ ಬರುತ್ತಾರೆ ಎನ್ನುತ್ತಾರೆ.

ಕೆಲಸ ಇರುವುದು ಬೆಂಗಳೂರಿನ ಫ್ಲ್ಯಾಟ್‌ಗಳಲ್ಲಿ ಮಾತ್ರ ಅಂತೇನೂ ಅಲ್ಲ. ನಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ಕಾಯುವವರಿಗೆ ಕೂರಲು ಸರಿಯಾದ ಜಾಗವಿಲ್ಲ. ಇಳಿಜಾರು ಒಂದಕ್ಕೆ ಹನ್ನೆರಡರಂತೆ ಇರಬೇಕು ಎಂಬುದು ರ‍್ಯಾಂಪಿನ ನಿಯಮ. ಅಂದರೆ ಒಂದೂವರೆ ಅಡಿ ಎತ್ತರದ ಬಾಗಿಲಿಗೆ 18 ಅಡಿ ರ‍್ಯಾಂಪ್ ಬೇಕು. ಎಷ್ಟು ಕಟ್ಟಡಗಳಲ್ಲಿ ಇದೆ ನೋಡಿ. ಅಂಗನವಾಡಿ, ಲೈಬ್ರರಿ, ಹಾಸ್ಟೆಲ್ ಎಲ್ಲೆಡೆ ಇಂಥ ಕೆಲಸ ಬಾಕಿ ಇದೆ. ಸಾಮಗ್ರಿಗೂ ಕೊರತೆಯಿಲ್ಲ. ಶಹಾಬಾದ್ ಕಲ್ಲು, ರೆಡ್ ಆಕ್ಸೈಡ್ ನೆಲ, 1865ರಿಂದ ತಯಾರಾಗುತ್ತಿರುವ ಮಂಗಳೂರು ಹೆಂಚು, ಚನ್ನಪಟ್ಟಣದ ಅರಗಿನ ಬಣ್ಣ, ತೊಟ್ಟಿ ಮನೆಯ ಗಾಳಿ ಬೆಳಕಿನ ಜಾಣ್ಮೆ ಎಲ್ಲವೂ ನಮ್ಮಲ್ಲೇ ಇವೆ.

ಈ ಕೋರ್ಸ್ ನಿಮಗೆ ಹೊಂದುತ್ತದೆಯೇ ಎಂದು ತಿಳಿಯಲು ಖರ್ಚಿಲ್ಲದ ಒಂದು ದಾರಿ ಇದೆ. ಈ ಭಾನುವಾರ ಒಂದು ಟೇಪು, ಎ4 ಹಾಳೆ, ಪೆನ್ಸಿಲ್, ಸ್ಕೇಲು ತೆಗೆದುಕೊಳ್ಳಿ. ನಿಮ್ಮ ಮನೆಯ ಒಂದು ಕೋಣೆಯನ್ನು ಅಳೆದು 20ರಲ್ಲಿ ಒಂದು ಪಾಲಿಗೆ ಇಳಿಸಿ ಬರೆಯಿರಿ. 3 ಮೀಟರ್ ಗೋಡೆ ಹಾಳೆಯ ಮೇಲೆ 15 ಸೆಂ.ಮೀ. ಆಗುತ್ತದೆ. ಬಾಗಿಲು ಯಾವ ಕಡೆ ತೆರೆಯುತ್ತದೆ, ಸ್ವಿಚ್ ಎಲ್ಲಿದೆ ಎಲ್ಲವನ್ನೂ ಗುರುತಿಸಿ. ಆಮೇಲೆ ಆ ಕೋಣೆಯನ್ನು ಹೆಚ್ಚು ಬಳಸುವವರ ಪಕ್ಕದಲ್ಲಿ ಅರ್ಧ ಗಂಟೆ ಕೂತು, ಅವರು ಎಲ್ಲಿ ಬಗ್ಗುತ್ತಾರೆ, ಎಲ್ಲಿ ಎಟುಕದೆ ನಿಲ್ಲುತ್ತಾರೆ ಎಂದು ಬರೆದುಕೊಳ್ಳಿ. ಸಂಜೆಯಾದದ್ದೇ ತಿಳಿಯದಷ್ಟು ಅದರಲ್ಲಿ ಮುಳುಗಿದ್ದರೆ ಅರ್ಜಿ ಹಾಕಿ. ಬೇಜಾರು ಬಂದು ಹತ್ತೇ ನಿಮಿಷಕ್ಕೆ ಎದ್ದಿದ್ದರೆ ಬೇರೆ ಕೋರ್ಸ್ ನೋಡಿ. ಎರಡರಲ್ಲಿ ಯಾವುದೇ ಆದರೂ ಅಪ್ಪನ ದುಡ್ಡು ಉಳಿದ ಹಾಗೇ.