ಸೀಸದಕಡ್ಡಿಯ ದಾವೀದ

ಎಂಟನೆಯ ಇಯತ್ತೆಯ ವಿದ್ಯಾರ್ಥಿಯೊಬ್ಬನು, ಪುಸ್ತಕದಲ್ಲಿ ಅಚ್ಚಾಗಿದ್ದ ಛಾಯಾಚಿತ್ರವನ್ನು ನೋಡಿ ಸೀಸದಕಡ್ಡಿಯಿಂದ ಬರೆದ ಚಿತ್ರವೊಂದನ್ನು ಈ ಸಂಚಿಕೆಗಾಗಿ ತಂದುಕೊಟ್ಟನು. ಇಟಲಿಯ ಮಹಾಶಿಲ್ಪಿ ಮೈಕೆಲೇಂಜಲೊ 1501ರಿಂದ 1504ರವರೆಗೆ ಫ್ಲಾರೆನ್ಸ್ ನಗರದಲ್ಲಿ ಅಮೃತಶಿಲೆಯಲ್ಲಿ ಕಡೆದ ದಾವೀದನ ಪ್ರತಿಮೆ ಅದು. ನಾನು ಬಲಗೈಯ ಸುತ್ತ ಕೆಂಪು ವೃತ್ತವನ್ನೆಳೆದು, "ಕೈ ದೊಡ್ಡದಾಯಿತು, ಪ್ರಮಾಣ ತಪ್ಪಿದೆ" ಎಂದೆನು. ಹುಡುಗನು ಮರುಮಾತಾಡದೆ ಹೊರಟುಹೋದನು.

ಅಂದು ಸಂಜೆ ಮೂಲವನ್ನು ತೆರೆದು ನೋಡಿದಾಗ ನನಗೆ ನಾಚಿಕೆಯಾಯಿತು. ಕೈ ಅಲ್ಲಿಯೂ ದೊಡ್ಡದೇ! ತಲೆಯೂ ಮೈಯ ಅಳತೆಗೆ ಮೀರಿದುದೇ. ಸುಮಾರು 17 ಅಡಿ ಎತ್ತರದ ಈ ಪ್ರತಿಮೆಯನ್ನು ನಗರದ ಪ್ರಧಾನ ಚರ್ಚಿನ ಮೇಲೆ, ನೆಲದಿಂದ ಬಹಳ ಎತ್ತರದಲ್ಲಿ ನಿಲ್ಲಿಸಬೇಕೆಂದು ಮೊದಲು ಉದ್ದೇಶಿಸಿದ್ದರು. ಕೆಳಗಿನಿಂದ ನೋಡುವವರಿಗೆ ಅವು ಕುಗ್ಗಿ ಕಾಣಬಾರದೆಂದು ಶಿಲ್ಪಿಯು ಹಿಗ್ಗಿಸಿರಬೇಕೆಂಬುದು ಹಲವು ವಿದ್ವಾಂಸರ ಊಹೆ.

ಎಡಹೆಗಲ ಮೇಲಿನ ಪಟ್ಟಿಯನ್ನು ತರಗತಿಯ ಮಕ್ಕಳು ವಲ್ಲಿಯೆಂದರು. ಅದು ಕವಣೆ. ಜೋಳದ ಹೊಲದ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿಗಳನ್ನು ಓಡಿಸಿದ ನನಗೂ ಅದು ತಟ್ಟನೆ ಹೊಳೆಯಲಿಲ್ಲವೆಂದರೆ ಏನೆನ್ನಲಿ! ಬೈಬಲಿನ ಕಥೆಯಲ್ಲಿ ಕುರಿ ಕಾಯುವ ಈ ಹುಡುಗನು ಕವಣೆಗಲ್ಲಿನಿಂದಲೇ ದೈತ್ಯ ಗೊಲ್ಯಾತನನ್ನು ಕೆಡವಿದನು. ಮೈಕೆಲೇಂಜಲೊವಿಗಿಂತ ಹಿಂದಿನ ಡೊನಟೆಲ್ಲೊ, ವೆರೊಕ್ಕಿಯೊ ಎಂಬ ಶಿಲ್ಪಿಗಳು ದಾವೀದನ ಕಾಲ ಬಳಿ ದೈತ್ಯನ ಕಡಿದ ತಲೆಯನ್ನಿಟ್ಟರು. ಇಲ್ಲಿ ಆ ತಲೆಯಿಲ್ಲ. ಕಾಳಗವಿನ್ನೂ ಆರಂಭವಾಗಿಲ್ಲ. ಹಾಗಾದರೆ ವೈರಿಯೆಲ್ಲಿ? ಹೊರಳಿದ ಕತ್ತನ್ನು ನೋಡಿರಿ, ಗಂಟಿಕ್ಕಿದ ಹುಬ್ಬನ್ನು ನೋಡಿರಿ: ಕಾಗದದ ಆಚೆ, ಅವನ ದೃಷ್ಟಿ ನೆಟ್ಟಲ್ಲಿ. ಹುಬ್ಬುಗಳ ನಡುವೆ ನಮ್ಮ ಹುಡುಗನು ಕಡ್ಡಿಯನ್ನು ಒತ್ತಿ ಒಂದು ಕಪ್ಪು ಛಾಯೆಯನ್ನು ಕೊಟ್ಟಿದ್ದಾನೆ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದುದು ಅದೇ.

ಚಿತ್ರಕ್ಕೆ ನಿಲುಕದುದೂ ಉಂಟು. ಕವಣೆಯ ಪಟ್ಟಿಯು ಬೆನ್ನ ಮೇಲೆ ಇಳಿದು ಬಲಗೈಯನ್ನು ಸೇರುತ್ತದೆ. ಮುಂದೆ ನಿಂತವನಿಗೆ ಅದು ಕಾಣದು. ರಾಫೇಲನು ಇದೇ ಪ್ರತಿಮೆಯನ್ನು ಹಿಂದಿನಿಂದ ನೋಡಿ ಲೇಖನಿಯಲ್ಲಿ ಚಿತ್ರಿಸಿದ್ದಾನೆ.

1494ರಲ್ಲಿ ಮೆಡಿಚಿ ಮನೆತನವನ್ನು ಹೊರಗಟ್ಟಿದ್ದ ಫ್ಲಾರೆನ್ಸಿನವರು, 1504ರಲ್ಲಿ ಪ್ರತಿಮೆಯನ್ನು ಚರ್ಚಿನ ಮೇಲಿಡದೆ ತಮ್ಮ ಆಡಳಿತ ಭವನದ ಮುಂದೆ ನಿಲ್ಲಿಸಿದರು. ಬಲಿಷ್ಠರ ನಡುವಿನ ಆ ಪುಟ್ಟ ಗಣರಾಜ್ಯಕ್ಕೆ ದಾವೀದನು ತಮ್ಮವನೆನಿಸಿದನು. 1873ರಲ್ಲಿ ಅದನ್ನು ಅಕಾಡೆಮಿಯಾ ಸಂಗ್ರಹಾಲಯದೊಳಕ್ಕೆ ಸಾಗಿಸಿದರು. ಭವನದ ಮುಂದೆ ಇಂದು ಇರುವುದು ಪ್ರತಿರೂಪ.

ಮರುದಿನ ನನ್ನ ಕೆಂಪು ಗೆರೆಯನ್ನು ರಬ್ಬರಿನಿಂದ ಉಜ್ಜಿದೆನು, ಪೂರ್ತಿ ಹೋಗಲಿಲ್ಲ. ಈ ಸಂಚಿಕೆಯಲ್ಲಿ ಅಚ್ಚಾದ ಚಿತ್ರದಲ್ಲಿ ಬಲಗೈಯ ಸುತ್ತ ಮಸುಕಾಗಿ ಕಾಣುವ ವೃತ್ತವು ನನ್ನದು, ಹುಡುಗನದಲ್ಲ.